ಗಾಳಿ ಸೋಕಿದ ಬಾಟಲಿ

ತಾಳವಾಡಿಯ ನಮ್ಮ ಎರಡು ಕೋಣೆಯ ಮಣ್ಣು ಪರೀಕ್ಷೆಯ ಲ್ಯಾಬಿಗೆ ಕಸ ಗುಡಿಸಲು ಬರುತ್ತಿದ್ದವಳು ದೊಡ್ಡಗಾಜನೂರಿನ ಶಿವಮಲ್ಲಮ್ಮ. ಗುಡಿಸುವುದು ಅರ್ಧ ಗಂಟೆ, ಕೂರುವುದು ಸಂಜೆಯವರೆಗೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹೆತ್ತ ಮೂರು ಕೂಸುಗಳಲ್ಲಿ ಒಂದೂ ತೊಟ್ಟಿಲು ದಾಟಲಿಲ್ಲ. ಮನೆಗೆ ಹೋದರೆ ಮಾತಾಡಿಸುವವರಿಲ್ಲ. ನನಗಾದರೂ ಇಲ್ಲಿ ಬೇರೆ ಯಾರಿದ್ದರು? ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಕತ್ತಲ ಪೆಟ್ಟಿಗೆಯಲ್ಲಿಟ್ಟ ನನ್ನ ಬಾಟಲಿಗಳೆಂದರೆ ಆಕೆಗೆ ಅಕ್ಕರೆ. ದಿನಾ ಮಾತಾಡಿಸುತ್ತಿದ್ದಳು. ಅವುಗಳಲ್ಲಿದ್ದದ್ದು ಮಣ್ಣಿನ ಬ್ಯಾಕ್ಟೀರಿಯಾ. ಅವಕ್ಕೆ ಬಿಸಿಲೇ ಬೇಡ. ಹೈಡ್ರೋಜನ್ ಉಂಡು, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಮೈ ಕಟ್ಟಿಕೊಳ್ಳುತ್ತವೆ. ಒಂದೇ ಎಡವಟ್ಟು: ಇಂಗಾಲದ ಅನಿಲವೆಂದುಕೊಂಡು ಆಗಾಗ ಆಮ್ಲಜನಕಕ್ಕೆ ಕೈಹಾಕುತ್ತವೆ. ಆಗ ಹುಟ್ಟುವ ಕೆಟ್ಟ ವಸ್ತುವನ್ನು ಬಿಸಾಡದೆ, ಮತ್ತೆ ಅರಗಿಸಿ ಮೈಗೆ ಸೇರಿಸಿಕೊಳ್ಳುತ್ತವೆ. ಕೆಂಪು ಮುಚ್ಚಳದ ಬಾಟಲಿಯಲ್ಲಿದ್ದವಕ್ಕೆ ಮಾತ್ರ ಆ ಶಕ್ತಿಯಿರಲಿಲ್ಲ. ಇಂಗಾಲದ ಅನಿಲ ಜಾಸ್ತಿ ತುಂಬಿ ಬಿಗಿದಿಟ್ಟರಷ್ಟೇ ಅವು ಬೆಳೆಯುತ್ತಿದ್ದವು.

ನಾಲ್ಕು ದಿನ ಕೊಯಮತ್ತೂರಿಗೆ ಹೊರಟಾಗ ಹೇಳಿದೆ: “ದೊಡ್ಡವ್ವ, ಕೆಂಪು ಮುಚ್ಚಳದ್ದಕ್ಕೆ ಗಾಳಿ ಸೋಕಬಾರ್ದು, ನೋಡ್ಕೊ.”

ಬಂದು ನೋಡಿದರೆ ಮುಚ್ಚಳ ಸಡಿಲ, ಬಾಟಲಿಯ ಕತ್ತಿಗೆ ಬೇವಿನ ಸೊಪ್ಪು, ಒಳಗೆ ಬೂದಿ. ಎಂಟು ತಿಂಗಳು ಒದ್ದಾಡಿ ಮಾಡಿದ್ದು ಮಣ್ಣುಪಾಲು. ಬಾಯಿಗೆ ಬಂದಂತೆ ಬೈದೆ.

“ನೀನೇ ಯೋಳುದ್ಯಲ್ಲವ್ವ ಶಾಂಭವಿ, ಗಾಳಿ ಸೋಕ್ಬಾರ್ದು ಅಂತ,” ಎಂದಳು. “ನನ್ನ ಮೂರು ಕೂಸೂ ಗಾಳಿ ಸೋಕೇ ಓದವು. ಅದ್ಕೇ ಮುಚ್ಚಳ ತಗ್ದು ಒಂಚೂರು ಈಬೂತಿ ಆಕ್ದೆ.”

ನಾನು ಹೇಳಿದ್ದು ಉಸಿರಾಡುವ ಗಾಳಿ, ಆಕೆ ಕೇಳಿಸಿಕೊಂಡದ್ದು ಮೆಟ್ಟಿಕೊಳ್ಳುವ ಗಾಳಿ. ಇದೇ ಸೀಮೆಯಲ್ಲಿ ಹುಟ್ಟಿದವಳು ನಾನು, ಅಷ್ಟೂ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

“ನಿನ್ ತಪ್ಪಲ್ಲ ಬುಡು ದೊಡ್ಡವ್ವ. ಕೆಟ್ಟದ್ದ ಅರಗಿಸ್ಕೊಳ್ಳೋ ಶಕ್ತಿ ಅದಕ್ಕಿರ್ಲಿಲ್ಲ.”

“ಉಟ್ಟುತ್ಲೇ ಇರ್ನಿಲ್ವಾ?”

ಹೌದೆಂದು ಸುಳ್ಳು ಹೇಳಬಹುದಿತ್ತು. “ಇತ್ತು. ನಾನೇ ತೆಗೆದೆ. ಅದಿಲ್ದೆ ಏನಾಗುತ್ತೆ ಅಂತ ನೋಡಕ್ಕೆ.”

ಆಕೆ ನನ್ನ ಮುಖವನ್ನೇ ನೋಡಿದಳು. “ಸಾಯ್ತದಾ ಅಂತ ನೋಡಕ್ಕಾ?” ಎಂದು ಮೆಲ್ಲಗೆ ಕೇಳಿದಳು. ಉತ್ತರಕ್ಕೆ ಕಾಯದೆ ಪೊರಕೆ ಮೂಲೆಗಿಟ್ಟು ಹೊರಟಳು.

ಮೂರು ದಿನ ಬರಲಿಲ್ಲ. ಲ್ಯಾಬು ಬಿಕೋ ಎನ್ನುತ್ತಿತ್ತು. ನಾಲ್ಕನೆಯ ದಿನ ನಾನೇ ಮನೆಗೆ ಹೋಗಿ ಕರೆದೆ. ಜಗಲಿಯ ಮೇಲೆ ಒಬ್ಬಳೇ ಕೈಕಟ್ಟಿ ಕೂತಿದ್ದಳು.

“ಬರಾಕಾಗಕಿಲ್ಲ ಕಣವ್ವ,” ಎಂದಳು. “ತುಂಬ ಕೆಲ್ಸ ಅದೆ.”