ಹೋಳಿಗೆ ಪಂದ್ಯಕ್ಕೆ ಜಪಾನಿ ತರಬೇತಿ

ಕೀನ್ಯಾದ ಕಿಲಿಮಾನಿಯಲ್ಲಿ ನನ್ನ ಎದುರು ಫ್ಲಾಟಿನ ಅಂಕಲ್ ಬಣ್ಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಒಂದು ಶನಿವಾರ ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಲು ಬಂದರು. ಲ್ಯಾಪ್‌ಟಾಪಿನಲ್ಲಿ ಜಪಾನಿನ ಧಾರಾವಾಹಿಯೊಂದು ಓಡುತ್ತಿತ್ತು: ತಿನ್ನುವ ಪಂದ್ಯಗಳಿಗಾಗಿಯೇ ಬದುಕುವವರ ಕಥೆ. ಅದನ್ನು ನೋಡುತ್ತೇನೆಂದು ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಂಕಲ್ ಬಟ್ಟಲು ಹಿಡಿದುಕೊಂಡೇ ಒಂದು ಕಂತನ್ನು ಪೂರ್ತಿ ನಿಂತು ನೋಡಿದರು.

"ಇದ್ರಲ್ಲಿ ಪಾಠ ಇದೆ ಕಣಮ್ಮ," ಎಂದರು.

ಅವರಿಗೆ ಪಾಠ ಬೇಕಿತ್ತು. ಇಪ್ಪತ್ತು ವರ್ಷದ ಹಿಂದೆ, ಮದುವೆಯ ಮರುದಿನ, ಅತ್ತೆಮನೆಯ ತಿಂಡಿಯಲ್ಲಿ ಅರ್ಧ ಇಡ್ಲಿಯನ್ನು ಎಲೆಯಲ್ಲೇ ಬಿಟ್ಟಿದ್ದರಂತೆ. ಅಂದಿನಿಂದ ಹೆಂಡತಿಯ ತಮ್ಮನಿಗೆ ಅವರು 'ಅರ್ಧ ಇಡ್ಲಿ ಭಾವ'. ಆ ಭಾಮೈದ ಈಗ ಇದೇ ಊರಿನ ಲೊರೆಶೋ ಬಡಾವಣೆಯಲ್ಲಿದ್ದ. ಹೆಸರೂ ಅವನ ಜೊತೆಗೇ ಬಂದಿತ್ತು. ಯುಗಾದಿಗೆ ಪಂಗಾನಿ ಬಡಾವಣೆಯ ಸಭಾಂಗಣದಲ್ಲಿ ಇಲ್ಲಿನ ಕನ್ನಡದವರು ನಡೆಸುವ ಹೋಳಿಗೆ ಪಂದ್ಯವನ್ನು ಪ್ರತಿ ವರ್ಷ ಅವನೇ ಗೆಲ್ಲುತ್ತಿದ್ದ. ಈ ಸಲ ಅವನನ್ನು ಸೋಲಿಸಿ ಆ 'ಅರ್ಧ'ವನ್ನು ಕಳಚಿಕೊಳ್ಳಬೇಕೆಂದು ಅಂಕಲ್ ತೀರ್ಮಾನಿಸಿದರು.

ಆರು ಶನಿವಾರ ನಾನು ಸಬ್‌ಟೈಟಲ್ ಓದಿ ಹೇಳಿದೆ, ಅವರು ಬರೆದುಕೊಂಡರು. ಮಾತಾಡಬಾರದು. ತುತ್ತುಗಳು ಒಂದೇ ಗಾತ್ರದಲ್ಲಿರಬೇಕು. ಹೊಟ್ಟೆ ತುಂಬಿತೆನಿಸಿದಾಗ ಎದ್ದು ನಿಂತು ಮೈ ಕುಲುಕಿದರೆ ಒಳಗೆ ಜಾಗವಾಗುತ್ತದೆ. ಕೊನೆಯದನ್ನು ಅವರು ನನ್ನ ಬಾಲ್ಕನಿಯಲ್ಲಿ ಗಂಭೀರವಾಗಿ ಅಭ್ಯಾಸ ಮಾಡಿದರು.

"ಡಬ್ಬಿ ಕುಲುಕಿದ್ರೆ ಇನ್ನೊಂದು ಸೇರು ಅಕ್ಕಿ ಹಿಡಿಯಲ್ವಾ? ಅದೇ ಲೆಕ್ಕ."

ಪಂದ್ಯದ ಮಧ್ಯಾಹ್ನ ಏಳು ಜನ ಚಾಪೆಯ ಮೇಲೆ ಸಾಲಾಗಿ ಕೂತರು, ಮುಂದೆ ಬಾಳೆಲೆ. ಬಡಿಸುವವರು ಅಂಕಲ್‌ನ ಹೆಂಡತಿ. ಎಣಿಸಲು ಸಭಾಂಗಣದ ಮೇಲ್ವಿಚಾರಕಿ. ಕೀನ್ಯಾದವರು, ಯಾರ ಕಡೆಯವರೂ ಅಲ್ಲ. ಅವಧಿ ಅರ್ಧ ಗಂಟೆ.

"ಭಾವ, ಎಲೇಲಿ ಅರ್ಧ ಬಿಡಬೇಡಿ. ಅಕ್ಕ ಬಯ್ತಾಳೆ," ಎಂದ ಭಾಮೈದ.

ಅಂಕಲ್ ನಿಯಮದಂತೆ ಮಾತಾಡಲಿಲ್ಲ.

ಎಂಟನೆಯ ಹೋಳಿಗೆ ನುಂಗಿದಾಗ ಅವರ ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ನೋಡಿದರು. ಸರಿ ಎಂಬಂತೆ ತಲೆಯಾಡಿಸಿದೆ. ಅವರು ಎದ್ದು ನಿಂತು ಕುಲುಕತೊಡಗಿದರು.

ಜಪಾನಿನವರು ಮೇಜಿನ ಮುಂದೆ ತಿನ್ನುತ್ತಿದ್ದರು. ನಮ್ಮವರು ಪಂಕ್ತಿಯಲ್ಲಿ ಕೂತಿದ್ದರು. ಈ ವ್ಯತ್ಯಾಸ ಆರು ಶನಿವಾರವೂ ನನಗೆ ಹೊಳೆದಿರಲಿಲ್ಲ. ಪಂಕ್ತಿಯಲ್ಲಿ ಹಿರಿಯರು ಎದ್ದರೆ ಊಟ ಮುಗಿಯಿತು, ಮತ್ತು ಆ ಸಾಲಿಗೆ ಅಂಕಲ್ ಅವರೇ ಹಿರಿಯರು. ಪಕ್ಕದವರು ಎಲೆ ಮಡಚಿದರು. ಅವರ ಪಕ್ಕದವರೂ ಮಡಚಿದರು. ಸಾಲಿಗೆ ಸಾಲೇ ಎದ್ದಿತು. ಕೈಯಲ್ಲಿ ಅರ್ಧ ಹೋಳಿಗೆ ಹಿಡಿದಿದ್ದ ಭಾಮೈದನೂ ಯೋಚಿಸದೆ ಎದ್ದ. ಮೇಲ್ವಿಚಾರಕಿ ತಮ್ಮ ಭಾಷೆಯಲ್ಲಿ "ಸವಾ", ಸರಿ, ಎಂದು ಗಡಿಯಾರ ನಿಲ್ಲಿಸಿ ಬರೆದುಕೊಂಡರು: ಅಂಕಲ್ ಎಂಟು, ಭಾಮೈದ ಏಳೂವರೆ.

"ಅಕ್ಕಾ, ಇನ್ನೂ ಟೈಮ್ ಇದೆ," ಎನ್ನುತ್ತ ಅವನು ಕೂರಲು ಬಗ್ಗಿದ.

"ಎದ್ದ ಎಲೆಗೆ ಮತ್ತೆ ಕೂತ್ಕೋತಾರೇನೋ? ಅಮ್ಮ ಇದನ್ನೇ ಕಲಿಸಿದ್ದಾ? ಹೋಗಿ ಕೈ ತೊಳ್ಕೊ."

ಅವನು ಹೋಗಿ ತೊಳೆದುಕೊಂಡ. ಅಂಕಲ್ ಇನ್ನೂ ಕುಲುಕುತ್ತಲೇ ಇದ್ದರು. ಗೆದ್ದಿದ್ದೀರಿ ಎಂದು ನಾನೇ ಹತ್ತಿರ ಹೋಗಿ ಹೇಳಬೇಕಾಯಿತು.

ಹೊರಗೆ ನಾನು, ಅಂಕಲ್, ಅವರ ಹೆಂಡತಿ ಟ್ಯಾಕ್ಸಿಗೆ ಕಾಯುತ್ತಿದ್ದಾಗ ಭಾಮೈದ ಕಾರಿನ ಕಿಟಕಿ ಇಳಿಸಿದ.

"ಬರ್ತೀನಿ, ಅರ್ಧ ಹೋಳಿಗೆ ಭಾವ."

ನಾನು ನೆಲ ನೋಡಿದೆ. ಗೆದ್ದದ್ದು ಅರ್ಧ ಹೋಳಿಗೆಯಿಂದ; ಆ 'ಅರ್ಧ' ಎಲ್ಲಿಗೂ ಹೋಗಿರಲಿಲ್ಲ.

"ಬೇಜಾರು ಮಾಡ್ಕೋಬೇಡಮ್ಮ," ಎಂದರು ಅಂಕಲ್. "ಇಡ್ಲಿಯಿಂದ ಹೋಳಿಗೆಗೆ ಪ್ರಮೋಷನ್ ಆಯ್ತಲ್ಲ. ಇಪ್ಪತ್ತು ವರ್ಷ ಬೇಕಾಯ್ತು, ಅಷ್ಟೇ."

ಟ್ಯಾಕ್ಸಿ ಬಂತು. ಅವರಿಗೆ ಬಗ್ಗಿ ಒಳಗೆ ಕೂರಲು ಆಗಲಿಲ್ಲ. ಅದನ್ನು ಕಳಿಸಿ, ಮೂವರೂ ಇನ್ನಷ್ಟು ಹೊತ್ತು ಅಲ್ಲೇ ನಿಂತೆವು.