ಟಿವಿಯಲ್ಲಿ ಕಂಡ ಅಮ್ಮನ ಕೋಣೆ

ದೆವ್ವ, ಶಕುನ, ಸೂಚನೆ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು ನಾನು. ಇದನ್ನು ಓದಿ ನೀವು ನಕ್ಕರೆ ಬೇಜಾರಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಬೇರೆ ಜಾತಿಯವರನ್ನು ಮದುವೆಯಾದ ದಿನದಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಸಾರಕ್ಕಿಯಲ್ಲಿ ಅಣ್ಣನ ಮನೆಯಲ್ಲಿ ಅವಳು ಹಾಸಿಗೆ ಹಿಡಿದಾಗ, ನೋಡೋಕೆ ಬರ್ತೀನಿ ಅಂತ ಎಷ್ಟು ಸಲ ಕೇಳಿದರೂ ಅಣ್ಣನದು ಒಂದೇ ಮಾತು: "ಬೇಡ ಅಂತಾಳೆ ಕಣೇ. ನಿನ್ನ ಹೆಸರೆತ್ತಿದ್ರೆ ಬಿ.ಪಿ. ಏರುತ್ತೆ." ನಂಬಿದೆ. ನನ್ನ ಮದುವೆಗೆ ತವರಿನಿಂದ ಬಂದವನು ಅವನೊಬ್ಬನೇ. ನಂಬದೆ ಏನು ಮಾಡಲಿ? ಅಮ್ಮನ ಮುಖ ನೋಡಿದ್ದು ಮಣ್ಣು ಮಾಡುವ ದಿನವೇ, ಹಣೆ ತುಂಬ ವಿಭೂತಿ ಹಚ್ಚಿದ ಮೇಲೆ.

ನಮ್ಮ ಬಾಲ್ಯದ ಕೆಲವು ವಿಡಿಯೋ ಕ್ಯಾಸೆಟ್ಟುಗಳನ್ನು ನನ್ನ ಗಂಡ ಕಂಪ್ಯೂಟರಿಗೆ ಹಾಕಿಸಿ ತಂದಿದ್ದರು. ರೂಮಿನ ಕಂಪ್ಯೂಟರಿನಲ್ಲಿರುವ ವಿಡಿಯೋ ಹಾಲಿನ ಟಿವಿಯಲ್ಲಿ ಬರಲಿ ಅಂತ, ಟಿವಿಗೆ ಹಾಕಿ ತಾವು ಆಡುವ ಗೇಮ್ ಕನ್ಸೋಲನ್ನು ವೈಫೈನಲ್ಲಿ ಕಂಪ್ಯೂಟರಿಗೆ ಸೇರಿಸಿದ್ದರು. ಟಿವಿಯಲ್ಲಿ ಪಟ್ಟಿ ಬರುತ್ತದೆ, ಬೇಕಾದ್ದನ್ನು ಒತ್ತಿದರೆ ಓಡುತ್ತದೆ. ಒಟ್ಟು ಏಳು ವಿಡಿಯೋ. ಅಮ್ಮ ಗಟ್ಟಿಮುಟ್ಟಾಗಿದ್ದ ಕಾಲದವು.

ಒಂದು ಭಾನುವಾರ ಮಧ್ಯಾಹ್ನ, ಸುಬ್ರಹ್ಮಣ್ಯಪುರದ ನಮ್ಮ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಪಟ್ಟಿಯಲ್ಲಿ ಎಂಟನೆಯದೊಂದು ಕಾಣಿಸಿತು. ಹೆಸರಿಲ್ಲ. ಒತ್ತಿದೆ.

ಅಣ್ಣನ ಮನೆಯ ಒಳಕೋಣೆ, ಗೋಡೆಯ ಮೇಲಿನಿಂದ ಇಣುಕಿದ ಹಾಗೆ. ಮಂಚದ ಮೇಲೆ ಅಮ್ಮ, ಗುರುತು ಸಿಗದಷ್ಟು ಸೊರಗಿದ್ದಳು. ಅಣ್ಣ ಗಂಜಿ ಕುಡಿಸುತ್ತಿದ್ದ. ಅಮ್ಮ ಚಮಚ ತಳ್ಳಿದಳು.

"ಪುಟ್ಟಿಗೆ ಫೋನ್ ಮಾಡೋ. ಒಂದ್ಸಲ ಬಂದು ಹೋಗ್ಲಿ." ಪುಟ್ಟಿ ಅಂದರೆ ನಾನು; ಅಮ್ಮ ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

"ಮಾಡ್ದೆ ಕಣಮ್ಮ. ಬರಲ್ಲ ಅಂದ್ಲು."

ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಅಣ್ಣ ಬಟ್ಟಲು ಎತ್ತಿಕೊಂಡು ಹೋದ. ಅಷ್ಟೇ. ಮತ್ತೆ ಪಟ್ಟಿ ಬಂತು. ಅದರಲ್ಲಿ ಏಳೇ ಇದ್ದವು. ಓಡಿಹೋಗಿ ಕಂಪ್ಯೂಟರ್ ನೋಡಿದೆ, ಅಲ್ಲೂ ಏಳೇ. ಗಂಡ ಬಂದ ಮೇಲೆ ಸಂಜೆವರೆಗೂ ಹುಡುಕಿ, "ಕೂತಲ್ಲೇ ಕಣ್ಣು ಹತ್ತಿರ್ಬೇಕು ನಿಂಗೆ" ಅಂದರು. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿದ್ದು ನನಗೆ ನೆನಪಿದೆ. ನಿದ್ದೆಯಲ್ಲ ಅದು.

ಮರುದಿನ ಸಾರಕ್ಕಿಗೆ ಹೋದೆ. ಚಪ್ಪಲಿ ಬಿಟ್ಟು ನೇರ ಒಳಕೋಣೆಗೆ ನಡೆದೆ. ವಿಡಿಯೋ ಯಾವ ಕಡೆಯಿಂದ ಕಂಡಿತ್ತೋ ಅಲ್ಲಿ ಬರೀ ಗೋಡೆ. ಕ್ಯಾಮೆರಾ ಹಾಗಿರಲಿ, ಒಂದು ಮೊಳೆ ಹೊಡೆದ ಗುರುತೂ ಇಲ್ಲ. ಹಿಂದೆಯೇ ಬಂದ ಅಣ್ಣನನ್ನು ಕೇಳಿದೆ: "ಅಮ್ಮ ನನ್ನ ಕರೆದಿದ್ಲಾ? ನಾನು ಬರಲ್ಲ ಅಂದೆ ಅಂತ ಹೇಳಿದ್ಯಾ?"

ತಲೆ ಕೆಟ್ಟಿದ್ಯಾ ಅಂತ ಅವನು ಬೈಯಲಿ ಎಂದು ಕಾದೆ. ದೇವರಾಣೆ, ಬೈದಿದ್ದರೆ ಸಂತೋಷದಿಂದ ವಾಪಸ್ ಬರುತ್ತಿದ್ದೆ.

ಅವನು ಮಂಚದ ಮೇಲೆ ಕೂತ. "ಅವತ್ತು ನಿಮ್ಮತ್ತಿಗೆನೂ ಇರ್ಲಿಲ್ಲ. ನಾನು, ಅಮ್ಮ ಇಬ್ರೇ. ನಿಂಗೆ ಯಾರೇ ಹೇಳಿದ್ದು?"

ನಾನು ಮತ್ತೆ ಆ ಬರೀ ಗೋಡೆಯ ಕಡೆ ನೋಡಿದೆ. ಅವನೇ ಮುಂದುವರಿಸಿದ. "ಎರಡು ವರ್ಷ ಅವಳ ಹೇಲು ಉಚ್ಚೆ ಬಳಿದೋನು ನಾನು. ಒಂದಿನಾ ನನ್ನ ತಲೆ ಸವರಲಿಲ್ಲ. ಕೊನೇಲಿ ನೀನು ಬಂದ್ರೆ ನಿನ್ನ ಕೈ ಹಿಡ್ಕೊಂಡು ಅಳ್ತಾಳೆ ಅಂತ ಗೊತ್ತಿತ್ತು. ಆಗ್ಲಿಲ್ಲ ಕಣೇ ನನ್ನ ಕೈಲಿ."

ನಾನು ಬರಲೊಲ್ಲೆ ಅಂದೆ ಎಂದುಕೊಂಡೇ ಅಮ್ಮ ಹೋದಳು.

ಟಿವಿಯಲ್ಲಿ ನೋಡಿದೆ ಅಂತ ಆಮೇಲೆ ಹೇಳಿದೆ. ಅಣ್ಣ ನಂಬಲಿಲ್ಲ. ಅಮ್ಮ ಯಾರ ಕೈಲೋ ಹೇಳಿಕಳಿಸಿದ್ದಳು, ಅವರ ಹೆಸರು ಬಚ್ಚಿಡೋಕೆ ನಾನು ಈ ಕಥೆ ಕಟ್ಟಿದ್ದೀನಿ ಅಂತ ಇವತ್ತಿಗೂ ಅಂದುಕೊಂಡಿದ್ದಾನೆ. ಹಾಗೆ ಯಾರಾದರೂ ಬಂದು ಹೇಳಿದ್ದರೆ ನನಗೂ ಎಷ್ಟೋ ಸುಲಭವಾಗುತ್ತಿತ್ತು. ಯಾರೂ ಬರಲಿಲ್ಲ.