ಸುಳಿಯಲ್ಲ, ಹಗ್ಗದ ಗಾಯ

ನಮ್ಮ ಕುದುರೆಗೆ ಕೆಟ್ಟ ಸುಳಿ ಇದೆ ಎಂದು ಮೊದಲು ಹೇಳಿದವನು ನನ್ನ ಅಳಿಯ. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನನ್ನ ಗಂಡ ನಂಜನಗೂಡಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಓಡಿಸಿದ್ದು ಅವರು, ಲದ್ದಿ ಬಾಚಿದ್ದು, ಮೈ ತಿಕ್ಕಿದ್ದು, ಕಟ್ಟಿ ಬಿಚ್ಚಿದ್ದು ನಾನು. ಅವರು ಹೋದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಮಗ ತಾಂಡ್ಯದ ಫ್ಯಾಕ್ಟರಿಗೆ ಹೋಗುತ್ತಾನೆ. ರಜದ ದಿನಗಳಲ್ಲಿ ಮದುವೆ ಮೆರವಣಿಗೆಗೆ ಬಿಡಬಹುದೆಂದು ನರಸೀಪುರದ ಕಡೆಯಿಂದ ಒಂದು ಕಂದು ಹೆಣ್ಣುಕುದುರೆ ತಂದ. ನಡೆಸಿಕೊಂಡು ಹೋದರೆ ಹಸುವಿನ ಹಾಗೆ ಬರುತ್ತಿತ್ತು. ಕಟ್ಟಿದರೆ ಮಾತ್ರ ಹಿಂಗಾಲು ಊರಿ, ಕಣ್ಣು ಮೇಲೆ ಮಾಡಿ, ಹಗ್ಗ ಕಿತ್ತುಹೋಗುವವರೆಗೂ ಹಿಂದಕ್ಕೆ ಜಗ್ಗುತ್ತಿತ್ತು.

ಅಳಿಯ ಸೋಸಲೆಯವನು. ಎತ್ತು ಸಾಕಿದ ಮನೆ. ದನದ ಮೈಕೂದಲಿನ ಸುಳಿ ನೋಡಿ ಒಳ್ಳೆಯದು ಕೆಟ್ಟದು ಹೇಳುವುದರಲ್ಲಿ ಅವನ ಮಾತೇ ಕೊನೆ. ಬಂದವನೇ ಕುದುರೆಯನ್ನೂ ಎತ್ತಿನ ಹಾಗೆ ಕಟ್ಟಿದ: ಮೋಟು ಹಗ್ಗ, ಗೂಟದ ಬುಡಕ್ಕೆ, ಕೊರಳಿಗೆ ಜೀರುಗುಣಿಕೆ.

"ಎಳ್ದಷ್ಟೂ ಬಿಗೀಬೇಕು ಕಣ್ ಬಾವ. ಆಮ್ಯಾಕೆ ತಾನೇ ಸೋತು ನಿಂತ್ಕತದೆ" ಎಂದ ನನ್ನ ಮಗನಿಗೆ.

ಎತ್ತಿಗೆ ಮೂಗುದಾರ ಇರುತ್ತದೆ, ಮೂಗು ನೊಂದರೆ ಮುಂದಕ್ಕೆ ಬರುತ್ತದೆ. ಕುದುರೆಗೆ ಕೊರಳು ಬಿಗಿದರೆ ಸತ್ತೇ ಹೋದೆ ಅನ್ನಿಸಿ ಹಿಂದಕ್ಕೇ ಹೋಗುತ್ತದೆ. ಇದನ್ನು ಹೇಳುವಷ್ಟರಲ್ಲಿ ಅದು ಜಗ್ಗಿ, ಉಸಿರು ಕಟ್ಟಿ, ಅಂಗಳದಲ್ಲಿ ಬಿದ್ದೇಬಿಟ್ಟಿತು. ಕುಡುಗೋಲು ತಂದು ಹಗ್ಗ ಕೊಯ್ದವಳು ನಾನು. ಅಳಿಯ ಅದರ ಕೊರಳ ಕೂದಲು ಸರಿಸಿ ನೋಡುತ್ತಿದ್ದ.

"ನೋಡಿ ಅತ್ತೆ, ಕಿವಿ ಇಂದ್ಗಡೆ ಸುಳಿ ಅದೆ. ಅಗ್ಗ ಅರಿಯೋ ಸುಳಿ. ಇಂತದ್ದು ಮನೇಲಿದ್ರೆ ಯಜಮಾನ್ನೇ ತಿಂತದೆ."

"ತಿನ್ನಕ್ಕೆ ಯಜಮಾನ ಎಲ್ಲವ್ರೆ? ಓಗಿ ವರ್ಸ ಆಯ್ತು" ಎಂದೆ.

ಈಗ ಯಜಮಾನ ತಾನಲ್ಲವೇ ಎಂದು ಮಗ ಆಗಲೇ ಹೆದರಿದ್ದ. ಸೋಸಲೆಯಲ್ಲಿ ಅಳಿಯನ ನೆಂಟರ ಮದುವೆಗೆ ಕುದುರೆ ಕೊಡುತ್ತೇವೆಂದು ಒಪ್ಪಿಕೊಂಡಿದ್ದೆವು. ಅಲ್ಲೂ ಹಗ್ಗ ಹರಿದರೆ ದಲ್ಲಾಳಿಗೆ ಕೊಟ್ಟುಬಿಡುವುದು ಎಂದು ಇಬ್ಬರೂ ತೀರ್ಮಾನ ಮಾಡಿದರು. ಸುಳಿ ಕೆಟ್ಟದ್ದು ಅನ್ನಿಸಿಕೊಂಡ ಪ್ರಾಣಿಯನ್ನು ದಲ್ಲಾಳಿ ಸಾಕುವುದಕ್ಕೆ ಒಯ್ಯುವುದಿಲ್ಲ. ಅದು ಮಗನಿಗೂ ಗೊತ್ತು.

ಸಾಯಂಕಾಲ ಹಗ್ಗ ಉಜ್ಜಿದ ಜಾಗಕ್ಕೆ ಬೇವಿನೆಣ್ಣೆ ಹಚ್ಚಲು ಹೋದೆ. ಸುಳಿ ಎಂದ ಜಾಗವನ್ನು ಬೆರಳಲ್ಲಿ ಒತ್ತಿದೆ. ಕೂದಲಿನ ಕೆಳಗೆ ಚರ್ಮ ಗಟ್ಟಿಯಾಗಿತ್ತು. ಹಾಗೇ ಸವರಿಕೊಂಡು ಹೋದರೆ ಕೊರಳ ಆಚೆ ಬದಿಯವರೆಗೂ ಅದೇ ಗಟ್ಟಿ ಗೆರೆ. ಸುಳಿ ಎಲ್ಲಾದರೂ ಕೊರಳು ಸುತ್ತುತ್ತದೆಯೇ? ಹಿಂದೆ ಯಾರೋ ಹೀಗೇ ಬಿಗಿದ ಹಗ್ಗ ಕೊಯ್ದ ಗಾಯ ಮಾಗಿ, ಕೂದಲು ಅಡ್ಡಾದಿಡ್ಡಿ ಹುಟ್ಟಿತ್ತು. ಮಗನನ್ನು ಕರೆದು ಅವನ ಬೆರಳು ಹಿಡಿದು ಮುಟ್ಟಿಸಿದೆ.

"ಇದ್ರೂ ಇರ್ಬೋದು ಕಣವ್ವ. ಬಾವ ಏನಂತರೋ ಕೇಳವ" ಎಂದ.

ಹಡೆದದ್ದಕ್ಕೆ ನನ್ನ ಹೊಟ್ಟೆಗೇ ಗುದ್ದಿಕೊಳ್ಳಬೇಕು ಅನ್ನಿಸಿತು.

ಮಾರನೆಯ ಬೆಳಿಗ್ಗೆಯಿಂದ ಹಗ್ಗ ನನ್ನ ಕೈಗೆ ಬಂತು. ಉದ್ದ ಹಗ್ಗ, ಕೊರಳಿಗಲ್ಲ, ಮುಖದ ಪಟ್ಟಿಗೆ. ಕಲ್ಲುಕಂಬಕ್ಕೆ ಎದೆಯೆತ್ತರದಲ್ಲಿ ಸುತ್ತು ಹಾಕಿ, ಗಂಟು ಹಾಕದೆ, ತುದಿಯನ್ನು ಹಿಡಿದು ನಿಂತೆ. ಕುದುರೆ ಜಗ್ಗಿತು, ಹಗ್ಗ ಜಾರಬಿಟ್ಟೆ. ಬಿಗಿಯದ ಹಗ್ಗದ ಜೊತೆ ಎಷ್ಟು ಹೊತ್ತು ಜಗಳ ಆಡುತ್ತದೆ? ನಿಂತಿತು. ಮೆಲ್ಲಗೆ ಎಳೆದೆ, ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ಸಡಿಲ ಬಿಟ್ಟೆ. ದಿನಾ ಇದೇ ಕೆಲಸ. ನನ್ನ ಅಂಗೈ ಸುಲಿದುಹೋಯಿತು. ಅದು ಜಗ್ಗುವುದು ದಿನದಿನಕ್ಕೂ ಕಡಿಮೆಯಾಯಿತು.

ಸೋಸಲೆಯಲ್ಲಿ ಮದುವೆಮನೆಯ ಮುಂದೆ ಲೈಟುಕಂಬಕ್ಕೆ ಹಾಗೇ ಸುತ್ತು ಹಾಕಿ ನಿಂತಿದ್ದೆ. ಅಳಿಯ ಹಗ್ಗಕ್ಕೆ ಕೈ ಹಾಕಿದ.

"ಬುಡಿ ಅತ್ತೆ, ಗಂಟಾಕ್ತೀನಿ. ಎಂಗ್ಸು ಅಗ್ಗ ಇಡ್ಕಂಡು ನಿಂತ್ರೆ ಜನ ನಗ್ತರೆ."

ಮಗಳನ್ನು ಕೊಟ್ಟ ಮೇಲೆ ನಾಲ್ಕು ಜನರ ಮುಂದೆ ಅವನಿಗೆ ಎದುರು ಮಾತಾಡಿದವಳಲ್ಲ ನಾನು. ಅವತ್ತು ತಡೆದುಕೊಳ್ಳಲಾಗಲಿಲ್ಲ.

"ಕೈ ತಗೀರಿ ಅಳಿಯಂದ್ರೇ! ನಿಮ್ ಕೊಳ್ಗೆ ಜೀರುಗುಣಿಕೆ ಆಕಿ ಎಳೀಲಾ? ಮುಂದುಕ್ ಬತ್ತೀರೋ ಇಂದುಕ್ ಓಯ್ತೀರೋ ನೋಡವಾ!"

ಜನ ನಕ್ಕರು, ನನ್ನನ್ನು ನೋಡಿ ಅಲ್ಲ. ಅಷ್ಟರಲ್ಲಿ ಯಾವನೋ ಪಟಾಕಿ ಸರಕ್ಕೆ ಬೆಂಕಿ ಇಟ್ಟ. ಕುದುರೆ ಹಿಂದಕ್ಕೆ ಹಾರಿತು. ಹಗ್ಗ ಅಂಗೈ ಸುಡುತ್ತ ಓಡಿತು, ಬಿಟ್ಟೆ. ಕುದುರೆ ನಿಂತು, ಕಿವಿ ಆಡಿಸಿ, ತಾನೇ ಮುಂದೆ ಬಂದು ನನ್ನ ಕಾಲು ತುಳಿಯಿತು. ಬಾಯಿಗೆ ಬಂದಂತೆ ಬೈದೆ. ಗಂಡು ಹತ್ತಿ ಕೂತ, ಮೆರವಣಿಗೆ ಹೊರಟಿತು.

ಊಟದ ಪಂಕ್ತಿಯಲ್ಲಿ ಅಳಿಯ ಗಂಟಲು ದೊಡ್ಡದು ಮಾಡಿ ಹೇಳುತ್ತಿದ್ದ: "ಬೆಳಿಗ್ಗೇನೇ ನಿಂಬೆಅಣ್ಣು ನೀವಾಳಿಸಾಕಿದ್ದೆ ಕಣ್ರೀ, ಸುಳಿ ದೋಸ ಅಂಗೇ ಕಳೀತು." ಪಕ್ಕದಲ್ಲಿ ಕೂತ ನನ್ನ ಮಗ ಹೂಂಗುಟ್ಟುತ್ತಿದ್ದ. ಬೊಬ್ಬೆ ಎದ್ದ ಕೈಯಲ್ಲಿ ನನಗೆ ಅನ್ನ ಕಲಸಲೂ ಆಗುತ್ತಿರಲಿಲ್ಲ.

ದಲ್ಲಾಳಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಕುದುರೆ ಕೊಟ್ಟಿಗೆಯಲ್ಲಿದೆ. ಅಳಿಯ ಬರುತ್ತಾನೆಂದು ಗೊತ್ತಾದರೆ ಮನೆಯಲ್ಲಿರುವ ಹಗ್ಗವನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಹಾಕುತ್ತೇನೆ.